ತಂತ್ರಾಂಶದ ಬಿಡಿಭಾಗಗಳು: ಬೆಲೆಯಿಲ್ಲ, ಷರತ್ತುಂಟು

ಬಿಲ್ಲಿಂಗ್ ಅಥವಾ ದಾಸ್ತಾನಿನ ತಂತ್ರಾಂಶವನ್ನು ಬರೆಸುವ ವ್ಯಾಪಾರಿಯು ಹಣ ತೆರುವುದು ಒಬ್ಬ ತಯಾರಕನಿಗೆ. ಆದರೆ ಅದರೊಳಗಿನ ಎಷ್ಟೋ ಭಾಗಗಳು ಎನ್‌ಪಿಎಂ, ಮೇವನ್‌ಗಳಂತಹ ಸಾರ್ವಜನಿಕ ಭಂಡಾರಗಳಿಂದ ಉಚಿತವಾಗಿ ಬಂದಿರುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ಯಂತ್ರ ತಯಾರಿಸುವವನು ಬೇರಿಂಗನ್ನು ತಾನೇ ಮಾಡಿಕೊಳ್ಳುವುದಿಲ್ಲವಷ್ಟೆ.

ಆದರೆ ಬೇರಿಂಗಿಗೆ ಬಿಲ್ಲು ಇರುತ್ತದೆ, ಕೇಳಲು ಒಬ್ಬ ಮಾರಾಟಗಾರನಿರುತ್ತಾನೆ. ಇಲ್ಲಿ ಎರಡೂ ಇಲ್ಲ. 2016ರ ಮಾರ್ಚ್‌ನಲ್ಲಿ 'ಲೆಫ್ಟ್-ಪ್ಯಾಡ್' ಎಂಬ ಕೇವಲ 11 ಸಾಲಿನ ಭಾಗವನ್ನು ಅದರ ಕರ್ತೃವು ಎನ್‌ಪಿಎಂನಿಂದ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಅಸಂಖ್ಯ ತಂತ್ರಾಂಶಗಳ ನಿರ್ಮಾಣಕಾರ್ಯ ಸ್ಥಗಿತಗೊಂಡಿತು. 2021ರ ಡಿಸೆಂಬರ್‌ನಲ್ಲಿ 'ಲಾಗ್4ಜೆ'ಯ ಭದ್ರತಾದೋಷ ಬಯಲಾದಾಗ, ಆ ಭಾಗವು ತಮ್ಮಲ್ಲಿ ಎಲ್ಲೆಲ್ಲಿ ಅಡಗಿದೆಯೆಂದು ಹುಡುಕುವುದೇ ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು.

ಉಪಕರಣ ತಯಾರಕರು ಪರವಾನಗಿಯ ಕಡೆಗೂ ಗಮನ ಕೊಡಬೇಕು. ಎಂಐಟಿ ಪರವಾನಗಿಯು ಕೃತಿಸ್ವಾಮ್ಯ ಮತ್ತು ಅನುಮತಿಯ ಸೂಚನೆಯನ್ನು ಉಳಿಸಿಕೊಂಡರೆ ಸಾಕೆನ್ನುತ್ತದೆ. ಜಿಪಿಎಲ್ ಹಾಗಲ್ಲ. ಅಂತಹ ತಂತ್ರಾಂಶವನ್ನು ಉಪಕರಣದೊಳಗಿಟ್ಟು ಮಾರಿದರೆ ಅದರ ಮೂಲಸಂಕೇತವನ್ನೂ ಒದಗಿಸಬೇಕಾಗುತ್ತದೆ. (ಸ್ವಂತ ಕಚೇರಿಯಲ್ಲಷ್ಟೇ ಬಳಸುವವರಿಗೆ ಈ ಹೊಣೆ ಇಲ್ಲ.) 2008ರಲ್ಲಿ ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್, ಲಿಂಕ್‌ಸಿಸ್ ಉಪಕರಣಗಳ ವಿಷಯದಲ್ಲಿ ಸಿಸ್ಕೋ ಕಂಪನಿಯ ಮೇಲೆ ದಾವೆ ಹೂಡಿದ್ದು ಇದೇ ಷರತ್ತುಗಳ ಸಂಬಂಧವಾಗಿ, 2009ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಅಂತಹ ದಾವೆಯ ಖರ್ಚನ್ನು ಸಣ್ಣ ಉದ್ಯಮಿ ತಾಳಲಾರ.

ಆದುದರಿಂದ ತಂತ್ರಾಂಶದ ಕರಾರಿನಲ್ಲಿಯೇ ಪ್ರತಿಯೊಂದು ಭಾಗದ ಹೆಸರು, ಆವೃತ್ತಿ, ಪರವಾನಗಿಗಳ ಪಟ್ಟಿಯನ್ನು ಕೇಳತಕ್ಕದ್ದು. ದೋಷ ಕಂಡಾಗ ಸರಿಪಡಿಸುವವರು ಯಾರು, ಎಷ್ಟು ದಿನದೊಳಗೆ ಎಂಬುದೂ ಬರಹದಲ್ಲಿರಲಿ. ಪಟ್ಟಿ ಕೈಸೇರುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವ ಷರತ್ತನ್ನೂ ಅದರಲ್ಲಿಯೇ ಸೇರಿಸುವುದು ಲೇಸು.