ಇಲ್ಲ ಅಂದ ನಾಳವನ್ನು ಹುಡುಕಿಸು

ಮಗಳೇ, ಮೊನ್ನೆ ಫೋನಿನಲ್ಲಿ ನೀನು ಓದಿ ಹೇಳಿದ ನಿನ್ನ ಮಗನ ಸ್ಕ್ಯಾನ್ ವರದಿಯ ಸಾಲು ನನ್ನ ಕಿವಿಯಲ್ಲೇ ಉಳಿದಿದೆ. 'ಪೋರ್ಟಲ್ ವೇನ್ ಕಾಣಿಸುತ್ತಿಲ್ಲ.' ಮೂರು ವರ್ಷದ ಹಿಂದೆ ನನ್ನ ಮೊಮ್ಮಗಳ ವರದಿಯಲ್ಲೂ ಇದೇ ಸಾಲಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆ ಹಾಳೆಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. 'ಲಿವರ್ ಕಸಿನೇ ಮಾಡಬೇಕಂತೆ ಅಪ್ಪ' ಅಂದ ಮಗನ ಮುಖ ನೋಡಲಾಗಲಿಲ್ಲ ನನಗೆ. ಅದಕ್ಕೇ ಈ ಕಾಗದ.

ನಾನು ಡಾಕ್ಟರಲ್ಲ, 30 ವರ್ಷ ನೀರಾವರಿ ಇಲಾಖೆಯಲ್ಲಿ ಕಾಲುವೆ ಕಾದವನು. ಈ ಕಾಯಿಲೆ ನನ್ನ ತಲೆಗೆ ಇಳಿದದ್ದೂ ಕಾಲುವೆಯ ಲೆಕ್ಕದಲ್ಲೇ. ಕರುಳು, ಗುಲ್ಮದ ಕಡೆಯಿಂದ ಬರುವ ರಕ್ತವೆಲ್ಲ ಪೋರ್ಟಲ್ ವೇನ್ ಎಂಬ ದೊಡ್ಡ ನಾಳದಲ್ಲಿ ಸೇರಿ ಲಿವರಿಗೆ ಹೋಗಬೇಕು. ಲಿವರಿಗೆ ಸಿಗುವ ರಕ್ತದ ಮುಕ್ಕಾಲು ಪಾಲು ಇದೇ. ಅಲ್ಲಿ ಸೋಸಿದ ಮೇಲೆ ಹೃದಯಕ್ಕೆ. ನಮ್ಮ ಮಕ್ಕಳಿಗೆ ಹುಟ್ಟುವಾಗಲೇ ಕಾಲುವೆಯ ಏರಿ ಒಡೆದ ಹಾಗೆ ಒಂದು ಅಡ್ಡದಾರಿ ಇರುತ್ತದೆ. ಗದ್ದೆಗೆ ಹರಿಯಬೇಕಾದ ನೀರು ನೇರ ಹೊಳೆ ಸೇರಿಬಿಡುತ್ತದೆ. ಡಾಕ್ಟರುಗಳು ಶಂಟ್ ಅನ್ನುತ್ತಾರೆ. 1793ರಲ್ಲಿ ಲಂಡನ್ನಿನ ಜಾನ್ ಅಬರ್ನೆಥಿ ಎಂಬ ಸರ್ಜನ್, ತೀರಿಕೊಂಡಿದ್ದ 10 ತಿಂಗಳ ಹೆಣ್ಣು ಕೂಸಿನ ದೇಹದಲ್ಲಿ ಇದನ್ನು ಕಂಡು ಬರೆದಿಟ್ಟ. ಹಾಗಾಗಿ ಲಿವರಿನ ಹೊರಗೇ ದಾರಿ ತಪ್ಪುವ ಬಗೆಗೆ ಅವನ ಹೆಸರೇ ನಿಂತಿದೆ. ಹತ್ತಾರು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು ಇದು. ಒಳ್ಳೆಯ ಡಾಕ್ಟರೂ ಜೀವಮಾನದಲ್ಲಿ ಒಂದು ಕೇಸೂ ನೋಡದೇ ಇರಬಹುದು. ಅವರ ಮೇಲೆ ಸಿಟ್ಟು ಬೇಡ. ನೋಡಿದವರನ್ನು ಹುಡುಕಿಕೊಂಡು ಹೋಗು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ವರ್ಷಗಟ್ಟಲೆ ನೀರು ಕಾಣದ ಕಿರುಗಾಲುವೆಯನ್ನು ನೀನು ನೋಡಿರಬೇಕು. ಹೂಳು ತುಂಬಿ, ಹುಲ್ಲು ಬೆಳೆದು, ಇಲ್ಲಿ ಕಾಲುವೆ ಇತ್ತೇ ಅನ್ನುವ ಹಾಗಾಗಿರುತ್ತದೆ. ಒಡೆದ ಏರಿಗೆ ಮಣ್ಣು ಕೊಟ್ಟು ನೀರು ತಿರುಗಿಸಿ ನೋಡು, ಗೆರೆ ಎಳೆದಂತೆ ದಾರಿ ತೋರಿಸುತ್ತದೆ. ಸ್ಕ್ಯಾನಿನಲ್ಲಿ ನಾಳ ಕಾಣಲೆಂದು ರಕ್ತಕ್ಕೆ ಬಿಡುವ ಔಷಧಿಯೂ ರಕ್ತ ಹರಿದ ಕಡೆಯೇ ಹರಿಯುವುದು. ಲಿವರಿನ ಒಳಗಿನ ನಾಳ ಬಳಕೆಯಿಲ್ಲದೆ ದಾರದ ಹಾಗೆ ಸಣ್ಣಗಾಗಿದ್ದರೆ ಅದು ಚಿತ್ರದಲ್ಲಿ ಮೂಡುವುದೇ ಇಲ್ಲ. ಅದಕ್ಕಾಗಿ ಒಂದು ಪರೀಕ್ಷೆ ಇದೆ. ಕುತ್ತಿಗೆಯ ಅಥವಾ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಬಲೂನು ಉಬ್ಬಿಸಿ ಶಂಟನ್ನು ಕೆಲವು ನಿಮಿಷ ಮುಚ್ಚುತ್ತಾರೆ. ಆಗ ಔಷಧಿ ಬಿಟ್ಟು ಚಿತ್ರ ತೆಗೆಯುತ್ತಾರೆ, ಒತ್ತಡವನ್ನೂ ಅಳೆಯುತ್ತಾರೆ. ನನ್ನ ಮೊಮ್ಮಗಳಿಗೆ ಬಲೂನು ಉಬ್ಬಿದಾಗ ಒಣಗಿದ ಎಲೆಯ ನರಗಳ ಹಾಗೆ ತೆಳ್ಳಗೆ ಕವಲುಗಳು ಮೂಡಿದವು. ಡಾಕ್ಟರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಾಗ ನನಗೆ ಮಾತೇ ಹೊರಡಲಿಲ್ಲ. 'ಇಲ್ಲ' ಅಂದದ್ದು ಅಲ್ಲೇ ಇತ್ತು. ಮಗಳೇ, ಈ ಪರೀಕ್ಷೆ ಆಗದೆ ಕಸಿ ಎಂಬ ಮಾತಿಗೆ ತಲೆಯಾಡಿಸಬೇಡ. ಕಸಿ ಬೇಕೇ ಆಗುವ ಮಕ್ಕಳೂ ಇದ್ದಾರೆ. ಆದರೆ ಅದು ಬಲೂನಿನ ನಂತರ ಆಡುವ ಮಾತು.

ಒತ್ತಡ ಅಳೆಯುವುದು ಯಾಕೆಂದರೆ, ಸಣ್ಣ ಕಾಲುವೆಗೆ ಒಮ್ಮೆಲೇ ಪೂರ್ತಿ ನೀರು ನುಗ್ಗಿಸಿದರೆ ಏರಿ ಬೇರೆಲ್ಲೋ ಬಾಯಿ ಬಿಡುತ್ತದೆ. ಕರುಳಿನಲ್ಲಿ ರಕ್ತ ಕಟ್ಟಿಕೊಂಡು ಅಪಾಯವಾಗಬಹುದು. ನಮ್ಮವಳಿಗೆ ಒತ್ತಡ 7ರಿಂದ 18ಕ್ಕೆ ಏರಿ ಅಲ್ಲೇ ನಿಂತಿತು. ಹಾಗಾಗಿ ಹೊಟ್ಟೆ ಕೊಯ್ಯದೆ, ಕೊಳವೆಯ ಮೂಲಕವೇ ಲೋಹದ ಬಲೆಯಂಥ ಬಿರಡೆ ಇಟ್ಟು ಒಂದೇ ಸಲಕ್ಕೆ ಮುಚ್ಚಿದರು. ಒತ್ತಡ ಜಾಸ್ತಿ ಏರುವ ಮಕ್ಕಳಿಗೆ ಮೊದಲು ಶಂಟನ್ನು ಕಿರಿದು ಮಾಡಿ, ತಿಂಗಳುಗಳು ಕಾದು, ಒಳಗಿನ ನಾಳ ಅಗಲವಾದ ಮೇಲೆ ಪೂರ್ತಿ ಮುಚ್ಚುತ್ತಾರೆ. ಎರಡು ಹಂತ ಅಂದರೆ ಹೆದರಬೇಡ. ಮುಚ್ಚಿದ ಮೇಲೆ ಹೆಪ್ಪುಗಟ್ಟದ ಹಾಗೆ ಕೆಲವು ತಿಂಗಳು ಔಷಧಿ ಕೊಡುವುದುಂಟು. ಅದನ್ನು ಒಂದು ಹೊತ್ತೂ ತಪ್ಪಿಸಬಾರದು.

'ಮಗು ಚೆನ್ನಾಗೇ ಆಡ್ತಿದೆ, ಲಿವರ್ ರಿಪೋರ್ಟೂ ನಾರ್ಮಲ್, ದೊಡ್ಡವನಾಗಲಿ ಬಿಡಿ' ಅಂತ ನಿಮ್ಮ ಮಾವ ಅಂದರಂತೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಲಿವರಿನ ಒಳಗಿನ ಸಣ್ಣ ಶಂಟುಗಳು ಎಷ್ಟೋ ಕೂಸುಗಳಲ್ಲಿ 2 ವರ್ಷ ತುಂಬುವುದರೊಳಗೆ ತಾವಾಗೇ ಮುಚ್ಚಿಕೊಳ್ಳುತ್ತವೆ, ಅಲ್ಲಿಯವರೆಗೆ ಕಾಯಬಹುದು. ನಿನ್ನ ಮಗನಿಗೆ 4 ವರ್ಷ, ಶಂಟು ಲಿವರಿನ ಹೊರಗಿದೆ. ಇದು ಕಾಯುವ ಬಗೆಯಲ್ಲ. ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆಯ ಅಂಕಿ ಸರಿ ಇರುವಾಗಲೇ ಸೋಸದ ರಕ್ತ ಒಳಗೊಳಗೇ ಮಿದುಳನ್ನೂ ಶ್ವಾಸಕೋಶವನ್ನೂ ಕೆಡಿಸುತ್ತಿರಬಹುದು. ನಮ್ಮವಳನ್ನು ಒಂದು ವರ್ಷ ಉಬ್ಬಸ ಅಂತ ಎಲ್ಲೋ ನೋಡಿದರು. ಮಲಗಿದಾಗ ಆಕ್ಸಿಜನ್ 93, ಎದ್ದು ನಿಂತರೆ 88. ನಿಂತಾಗ ಇಳಿಯುತ್ತದೆ ಅನ್ನುವುದೇ ಸುಳಿವು ಅಂತ ನಮಗೆ ಆಮೇಲೆ ಗೊತ್ತಾಯಿತು. ಆಕ್ಸಿಮೀಟರ್ ಮನೆಯಲ್ಲಿದ್ದರೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿ ಬರೆದಿಡು. ಬೆರಳ ತುದಿ ಡೋಲಿನ ಕೋಲಿನ ಹಾಗೆ ದಪ್ಪಗಾಗುತ್ತಿದೆಯಾ, ಉಗುರು ನೀಲಿ ಹೊಡೆಯುತ್ತದೆಯಾ ಗಮನಿಸು. ಊಟವಾದ ಮೇಲೆ ಮಂಕಾಗುವುದು, ಪಾಠದ ಮಧ್ಯೆ ಎಲ್ಲೋ ನೋಡುವುದು, ಸುಮ್ಮನೆ ರೇಗುವುದು ಇದ್ದರೆ ಹಟಮಾರಿ ಅಂತ ಗದರಬೇಡ. ಟೀಚರಿಗೂ ಹೇಳು. ರಕ್ತದಲ್ಲಿ ಅಮೋನಿಯಾ ಏರಿದ ಮಕ್ಕಳು ಹೀಗೆ ಮಾಡುತ್ತವೆ.

ಆ ಅಮೋನಿಯಾ ಪರೀಕ್ಷೆಯ ಬಗ್ಗೆ ಒಂದು ಮಾತು. ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಮಗು ಒದ್ದಾಡಿ, ತೆಗೆದ ರಕ್ತ ಮೇಜಿನ ಮೇಲೆ ಅರ್ಧ ಗಂಟೆ ಕೂತರೆ ಅಂಕಿ ಸುಮ್ಮಸುಮ್ಮನೆ ಏರುತ್ತದೆ. ಟ್ಯೂಬನ್ನು ಐಸಿನಲ್ಲಿಟ್ಟು ಕೂಡಲೇ ಲ್ಯಾಬಿಗೆ ಕಳಿಸುತ್ತೀರಾ ಅಂತ ಮೊದಲೇ ಕೇಳು. ಸಂಕೋಚ ಬೇಡ. ನಾನಂತೂ ಟ್ಯೂಬಿನ ಹಿಂದೆಯೇ ನಡೆದುಹೋಗುತ್ತಿದ್ದೆ.

ಅಮೋನಿಯಾ ಏರದಿರಲು ಬೇಳೆ, ಮೊಟ್ಟೆ ನಿಲ್ಲಿಸಿಬಿಡಬೇಕು ಅಂತ ನಿನಗೆ ಯಾರೋ ಹೇಳಿದ್ದಾರೆ. ನೀನಾಗಿ ನಿಲ್ಲಿಸಬೇಡ, ಬೆಳೆಯುವ ಮಗು ಅದು. ಡಾಕ್ಟರು ಅಳತೆ ಹೇಳುತ್ತಾರೆ. ಮಲಬದ್ಧತೆ ಮಾತ್ರ ಆಗಗೊಡಬೇಡ, ಅಮೋನಿಯಾ ಏರುತ್ತದೆ. ಲ್ಯಾಕ್ಟುಲೋಸ್ ಬರೆದುಕೊಟ್ಟರೆ ಅದು ಬರೀ ಭೇದಿಯ ಔಷಧಿ ಅಂತ ಬಿಡಬೇಡ. ಲಿವರಿಗೆ ಒಳ್ಳೆಯದು ಅಂತ ಯಾರಾದರೂ ತಂದುಕೊಡುವ ಕಷಾಯ, ಪುಡಿಗಳನ್ನು ದೂರವೇ ಇಡು.

ಲಿವರಿನಲ್ಲಿ ಗಂಟುಗಳಿವೆ ಅಂತ ಬರೆದಿರುವುದು ನಿನ್ನ ನಿದ್ದೆ ಕೆಡಿಸಿದೆ, ಗೊತ್ತು. ಈ ಮಕ್ಕಳಲ್ಲಿ ಬರುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಶಂಟು ಮುಚ್ಚಿದ ಮೇಲೆ ಕುಗ್ಗಿದ್ದೂ ಉಂಟು. ಆದರೂ ಕೆಲವು ಕೆಟ್ಟದಕ್ಕೆ ತಿರುಗಬಹುದಾದ್ದರಿಂದ ಹೇಳಿದ ದಿನಕ್ಕೆ ಸ್ಕ್ಯಾನ್ ಮಾಡಿಸಲೇಬೇಕು.

ಇನ್ನೊಂದು, ಇದನ್ನು ಬರೆಯುವಾಗ ನನಗೆ ಕಣ್ಣು ಮಂಜಾಗುತ್ತದೆ. ಗ್ರಹಣದ ದಿನ ಹೊರಗೆ ಬಂದಿದ್ದೆಯಾ, ಬಸುರಿಯಲ್ಲಿ ಏನು ತಿಂದೆ ಅಂತ ನನ್ನ ಸೊಸೆಯನ್ನು ಮನೆಯವರೇ ಕೇಳಿದರು. ನಾನು ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದು. ಗರ್ಭದ ಮೊದಲ ವಾರಗಳಲ್ಲಿ, ಎಷ್ಟೋ ಸಲ ತಾಯಿಗೆ ಬಸುರಿ ಅಂತ ಗೊತ್ತಾಗುವುದಕ್ಕೂ ಮೊದಲೇ, ಈ ನಾಳಗಳು ಹೆಣೆದುಕೊಳ್ಳತೊಡಗುತ್ತವೆ. ನೀನು ತಿಂದದ್ದರಿಂದ, ನಡೆದದ್ದರಿಂದ ಇದು ಆಗಲಿಲ್ಲ. ನಿನ್ನನ್ನು ಯಾರಾದರೂ ಕೇಳಿದರೆ ಫೋನ್ ನನಗೆ ಕೊಡು.

ನಮ್ಮವಳ ಆಕ್ಸಿಜನ್ ಮರುದಿನವೇ ಏರಲಿಲ್ಲ. ಎಂಟು ತಿಂಗಳು ಹಿಡಿಯಿತು 97 ಕಾಣುವುದಕ್ಕೆ. ಈಗ ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಾಳೆ.

ಭಾನುವಾರ ಮಗುವನ್ನೂ ಕರೆದುಕೊಂಡು ಬಾ. ಬರುವಾಗ ಬರೀ ವರದಿಯ ಹಾಳೆ ಸಾಲದು, ಸ್ಕ್ಯಾನಿನ ಸಿಡಿ ಕೇಳಿ ತೆಗೆದುಕೊ. ಸೋಮವಾರ ನಮ್ಮ ಡಾಕ್ಟರ ಹತ್ತಿರ ಹೋಗುವಾಗ ನಾನೂ ಜೊತೆಗಿರುತ್ತೇನೆ.