ಪತ್ತನಾಜೆ ಆಗಲಿ ಎನ್ನುವವರಿಗೆ

ಯಕ್ಷಗಾನ ಮೇಳದವರ ಮನೆಗಳಲ್ಲಿ ಎಲ್ಲ ಕೆಲಸಕ್ಕೂ ಒಂದೇ ವಾಯಿದೆ: ಪತ್ತನಾಜೆ ಆಗಲಿ. ಮಾಡಿನ ಹಂಚು ಸರಿಮಾಡಿಸುವುದು, ನೋಯುವ ಹಲ್ಲು ಕೀಳಿಸುವುದು, ಹೆಂಡತಿಯ ತವರಿಗೆ ಹೋಗುವುದು, ಮಕ್ಕಳಿಗೆ ಸಮುದ್ರ ತೋರಿಸುವುದು, ಎಲ್ಲವೂ ಆಮೇಲೆ. ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24-25ರ ಹೊತ್ತಿಗೆ, ತೆಂಕುತಿಟ್ಟಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿ ಕಳೆದ ಮೇಲೆ ಕಟ್ಟಿದ ಗೆಜ್ಜೆ ಅದು.

ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಶಾಲೆಯ ದೊಡ್ಡ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಟಗಳ ಭರಾಟೆಯೂ ಆಗಲೇ. ನಾವು ಮನೆ ಸೇರುವಾಗ ಮಕ್ಕಳು ಹೊಸ ಪುಸ್ತಕಕ್ಕೆ ಬೈಂಡ್ ಹಾಕುತ್ತಿರುತ್ತಾರೆ. ಮಳೆಗಾಲವೆಂದರೆ ಬಿಡುವು ಅಂತ ಹೊರಗಿನವರು ತಿಳಿಯುತ್ತಾರೆ. ತಿರುಗಾಟ ನಿಂತರೆ ಅದರ ಸಂಪಾದನೆಯೂ ನಿಲ್ಲುತ್ತದೆ ಮಾರಾಯ್ರೆ! ತಾಳಮದ್ದಳೆ, ಮನೆಮನೆಗೆ ಹೋಗುವ ಚಿಕ್ಕಮೇಳ, ಮಕ್ಕಳಿಗೆ ನಾಟ್ಯ ಕಲಿಸುವುದು, ಹೀಗೆ ಹೊಟ್ಟೆಪಾಡು ಮಳೆಯಲ್ಲೂ ತಿರುಗಿಸುತ್ತದೆ.

ಮೇಳಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಸ್ತ್ರೀವೇಷಧಾರಿಯೊಬ್ಬರು ಚೌಕಿಯಲ್ಲಿ ಹೇಳಿದ್ದರು: "ಇಲ್ಲಿ ಬಣ್ಣ ಪೂರ್ತಿ ತೆಗೆಯಬೇಡ. ಸ್ವಲ್ಪ ಮನೆಗೆ ತೆಗೆದುಕೊಂಡು ಹೋಗು." ತಮಾಷೆ ಅಂದುಕೊಂಡಿದ್ದೆ. ಮಗಳು ಹುಟ್ಟಿ ನಾಲ್ಕು ಮಾತು ಕಲಿತ ಮೇಲೆ ಅದು ಅರ್ಥವಾಯಿತು. ಆಗೆಲ್ಲ ಇಡೀ ರಾತ್ರಿಯ ಆಟ. ಮನೆ ಮುಟ್ಟುವಾಗ ಅವಳು ಆಗಷ್ಟೇ ಎದ್ದಿರುತ್ತಿದ್ದಳು. ತೆಂಗಿನೆಣ್ಣೆ ಅದ್ದಿದ ಬಟ್ಟೆ ಹಿಡಿದು ನನ್ನ ಕಿವಿಯ ಹಿಂದೆ ಉಳಿದ ಕೆಂಪನ್ನೂ ಕಣ್ಣಿನ ಮೂಲೆಯ ಕಾಡಿಗೆಯನ್ನೂ ಒರೆಸುವುದು ಅವಳ ಕೆಲಸ. ದೇವಿಮಹಾತ್ಮೆ ಇದ್ದರೆ ನನಗೆ ಹೆಚ್ಚಾಗಿ ರಕ್ತಬೀಜ.

"ಅಪ್ಪ, ನಿನ್ನೆ ಗೆದ್ದದ್ದಾ, ಸತ್ತದ್ದಾ?"

"ಸತ್ತದ್ದು."

"ಹಾಗಾದರೆ ಮೊದಲು ಚಾ ಕುಡಿ."

ಅರ್ಥಗಾರಿಕೆ ಚೆನ್ನಾಗಿತ್ತೆಂದು ಊರವರು ಹೊಗಳಿದ್ದು ಮಧ್ಯಾಹ್ನಕ್ಕೇ ಮರೆತುಹೋಗುತ್ತಿತ್ತು, ಈ ಚಾ ಮರೆಯುತ್ತಿರಲಿಲ್ಲ. ಒರೆಸುವಷ್ಟು ಹೊತ್ತು ಶಾಲೆಯ ಸುದ್ದಿ, ನಾಯಿಯ ಸುದ್ದಿ, ಪಕ್ಕದ ಮನೆಯ ಜಗಳ ಎಲ್ಲವೂ ಕಿವಿಗೆ ಬೀಳುತ್ತಿತ್ತು. ಅವಳು ಶಾಲೆಗೆ ಹೊರಟ ಮೇಲೆ ನನ್ನ ನಿದ್ದೆ.

ಆಮೇಲೆ ಕಾಲಮಿತಿ ಬಂತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಷ್ಟು ಹಳೆಯದು. 2022ರಲ್ಲಿ ಅದು ಬಿಗಿಯಾಯಿತು. ಕೆಲವು ಮೇಳಗಳು ಅದಕ್ಕೂ ಮೊದಲೇ ಮಧ್ಯರಾತ್ರಿಗೆ ಮಂಗಳ ಹಾಡುತ್ತಿದ್ದವು. ಪ್ರಸಂಗಕ್ಕೆ ಕತ್ತರಿ ಬಿತ್ತು, ಪೀಠಿಕೆಯ ಮಾತು ಮೊಟಕಾಯಿತು. ವೇಷಧಾರಿಯಾಗಿ ನನಗೆ ಅದು ಈಗಲೂ ಹಿಡಿಸಿಲ್ಲ. ಬೆಳಗಿನ ಜಾವದ ಚೆಂಡೆಯ ಏರು ಮಧ್ಯರಾತ್ರಿಗೆ ಬರುವುದಿಲ್ಲ. ಮನೆಯವನಾಗಿ ಹೇಳುವುದಾದರೆ ಕಾಲಮಿತಿಯೇ ಒಳ್ಳೆಯದು. ನಾಲ್ಕು ಗಂಟೆ ನೆಟ್ಟಗೆ ನಿದ್ದೆ, ಗ್ಯಾಸ್ಟ್ರಿಕ್ ಕಡಿಮೆ.

ಆದರೆ ಎಣ್ಣೆಬಟ್ಟೆಯ ಹೊತ್ತು ಹೋಯಿತು. ಮಗಳು ಮಲಗಿರುವಾಗ ಬಂದು ಬಚ್ಚಲಲ್ಲಿ ಒಬ್ಬನೇ ಮುಖ ತೊಳೆಯುತ್ತೇನೆ. ಅದಕ್ಕೆ ಬದಲಾಗಿ ಬೆಳಗ್ಗೆ ಚಟ್ನಿಗೆ ಕಾಯಿ ತುರಿಯುವುದು ನನ್ನ ಪಾಲಿಗೆ ಬಂದಿದೆ, ಅವಳನ್ನು ಬಸ್ಸಿಗೆ ಬಿಡುವುದೂ. ಈಗ ಹೈಸ್ಕೂಲು, ಮಾತು ಕಡಿಮೆ. ಬಸ್ಸು ತಡವಾದ ದಿನ ಮಾತ್ರ ಒಂದೆರಡು ಹೊರಬೀಳುತ್ತದೆ. ಆ ರೂಟಿನ ಬಸ್ಸು ಆಗಾಗ ತಡವಾಗುವುದು ನಮ್ಮ ಪುಣ್ಯ. ಹೆಂಡತಿ ಈ ಹೊತ್ತಿಗೆ ಯಾವ ಫೋನನ್ನೂ ನನ್ನ ಕೈಗೆ ಕೊಡುವುದಿಲ್ಲ, "ಅವರು ಮಲಗಿದ್ದಾರೆ" ಅನ್ನುತ್ತಾಳೆ. ಇಷ್ಟು ವರ್ಷ ಮನೆ ನಡೆಸಿದವಳ ಸುಳ್ಳನ್ನು ಪ್ರಶ್ನಿಸುವ ಧೈರ್ಯ ನನಗಿಲ್ಲ.

ಹರಕೆ ಆಟ ಆಡಿಸುವವರಲ್ಲಿ ಒಂದು ವಿನಂತಿ. ಸನ್ಮಾನ, ಭಾಷಣಗಳನ್ನು ಆಟದ ನಡುವೆ ತುರುಕಬೇಡಿ, ಚೌಕಿಪೂಜೆಗೆ ಮೊದಲೇ ಮುಗಿಸಿ. ಅಷ್ಟು ಬೇಗ ನಾವು ಮನೆ ಮುಟ್ಟುತ್ತೇವೆ. ರಜೆಯಲ್ಲಿ ಕಲಾವಿದರ ಮಕ್ಕಳು ಜೊತೆಗೆ ಬಂದರೆ ಅವರಿಗೂ ಊಟಕ್ಕೆ ಎಲೆ ಹಾಕಿ, ಚೌಕಿಯ ಹತ್ತಿರ ಒಂದು ಚಾಪೆ ಕೊಡಿ.