ಬಾರದವರ ಮತ

ಮತ ಕೊಡದೆ ಮನೆಯಲ್ಲಿ ಉಳಿದವನು ಯಾವದನ್ನೂ ತೀರ್ಮಾನಿಸುವದಿಲ್ಲವೆಂದು ನೆನಸಬೇಡಿರಿ. ವಿವಾಹವು ಒಬ್ಬ ಪುರುಷನಿಗೂ ಒಬ್ಬ ಸ್ತ್ರೀಗೂ ಮಾತ್ರ ಸಲ್ಲತಕ್ಕದ್ದೆಂದು ಸಂವಿಧಾನದಲ್ಲಿ ಬರೆಯಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ರುಮೇನಿಯಾ ದೇಶದವರು 2018ನೆಯ ಇಸವಿಯ ಅಕ್ಟೋಬರ್ 6 ಮತ್ತು 7ರಲ್ಲಿ ಪ್ರಜೆಗಳ ಮುಂದೆ ಇಟ್ಟರು. ಇದಕ್ಕಾಗಿ ಸುಮಾರು 30 ಲಕ್ಷ ಜನರು ಮುಂಚಿತವಾಗಿ ರುಜು ಹಾಕಿದ್ದರು. ಮತ ಕೊಟ್ಟವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನರು ಹೌದೆಂದರು. ಆದರೂ ಕಾರ್ಯವು ನೆರವೇರಲಿಲ್ಲ. ಯಾಕಂದರೆ ಮತದಾರರಲ್ಲಿ ನೂರಕ್ಕೆ 30 ಮಂದಿಯಾದರೂ ಬರಬೇಕೆಂಬ ಕಟ್ಟಳೆಯಿರಲು, ಬಂದವರು ಸುಮಾರು 21 ಮಂದಿಯೇ. ವಿರೋಧಿಗಳಲ್ಲಿ ಅನೇಕರು ಬೇಕೆಂದೇ ದೂರ ನಿಂತರು; ಉದಾಸೀನರು ಸುಮ್ಮನೆ ಉಳಿದರು; ಲೆಕ್ಕದಲ್ಲಿ ಇಬ್ಬರೂ ಒಂದೇ ಆದರು. ದೇವರ ಮುಂದೆ ಹಾಗಲ್ಲ. ಆದದರಿಂದ ಹೋದರೂ ಹೋಗದಿದ್ದರೂ, ಕಟ್ಟಳೆಯನ್ನು ತಿಳಿದು ಮನಸ್ಸಾಕ್ಷಿಯಿಂದ ಮಾಡಿರಿ, ಆಲಸ್ಯದಿಂದ ಮಾಡಬೇಡಿರಿ.